ಸೀತಮ್ಮನ ಅಂಗಳದಲ್ಲಿ ಸ್ನೋಬೋರ್ಡ್ ಬೂಟು

“ಸೀತಮ್ಮನ ತಲೆ ಒಡೆದಿದ್ದು ಎನ್ನ ಕೆಲಸ ಅಂತೆ, ಸ್ಫೂರ್ತಿ! ಅಲ್ಲಿದ್ದಿದ್ದು ಎನ್ನ ಬೂಟಿನ ಗುರುತಂತೆ!”

ಫೋನಲ್ಲಿ ಚೇತನಾ ಬಿಕ್ಕಿ ಬಿಕ್ಕಿ ಅಳ್ತಿದ್ಲು. ಶಿರಸಿಯ ಅಪ್ಪನ ಚಪ್ಪಲಿ ಅಂಗಡಿಯಲ್ಲಿ ಆಗಷ್ಟೇ ಶಟರ್ ಎತ್ತಿದ್ದ ಸ್ಫೂರ್ತಿ ಹಾಗೇ ಸ್ಟೂಲ್ ಮೇಲೆ ಕೂತ್ಲು.

“ನಿಧಾನಕ್ಕೆ ಹೇಳೇ. ಸೀತಮ್ಮಂಗೆ ಏನಾಯ್ತು?”

“ನಿನ್ನೆ ಸಂಜೆ ಯಾರೋ ಹಿಂದಿಂದ ಹೊಡೆದು, ಕುತ್ತಿಗೆ ಸರ ಕಿತ್ಕಂಡು ಹೋಯ್ದೊ. ಹುಬ್ಬಳ್ಳಿ ಆಸ್ಪತ್ರೇಲಿ ಇದ್ದು. ಎಚ್ಚರ ಇಲ್ಲೆ.”

ಸೀತಮ್ಮ ಅಂದ್ರೆ ಹುಲೇಕಲ್‌ನಲ್ಲಿ ಚೇತನಾಗೆ ರೂಮ್ ಕೊಟ್ಟ ಟೇಲರ್. ಚೇತನಾ ಕಾಶ್ಮೀರದಲ್ಲಿ ಹಿಮದ ಮೇಲೆ ಹಲಗೆಯಲ್ಲಿ ಜಾರೋ ಸ್ನೋಬೋರ್ಡ್ ಕ್ಯಾಂಪಿಗೆ ಆಯ್ಕೆ ಆದ ಹುಡುಗಿ. ನಾಡಿದ್ದು ರೈಲು. ಸೆಕೆಂಡ್ ಹ್ಯಾಂಡ್ ಬೂಟು ತರಿಸಿದ್ಲು. ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು, ಹುರಿದ ಬಿಸಿ ಅಕ್ಕಿ ತುಂಬಿದ ಸಾಕ್ಸನ್ನ ಬೂಟಿನೊಳಗೆ ತುರುಕಿ, ಒಳಮೆತ್ತೆ ಮೆತ್ತಗಾಗಿಸಿ, ಚೇತನಾ ಪಾದದ ಅಚ್ಚಿಗೆ ಕೂರಿಸಿಕೊಟ್ಟವಳು ಸ್ಫೂರ್ತಿ. ಮೂರು ತಾಲೂಕು ಜಾಲಾಡಿದ್ರೂ ಅಂಥ ಇನ್ನೊಂದು ಜೊತೆ ಸಿಗ್ತಿರಲಿಲ್ಲ.

ಅದೇ ಈಗ ಕುತ್ತಿಗೆಗೆ ಬಂದಿತ್ತು.

* * *

ಎಸ್‌ಐ ಗಿರೀಶ ಅಂಗಡಿಗೆ ಬಂದು ಪ್ಲಾಸ್ಟಿಕ್ ಚೀಲದಲ್ಲಿದ್ದ ಬೂಟನ್ನ ಕೌಂಟರ್ ಮೇಲಿಟ್ರು. ತಳದಲ್ಲಿ ಸಗಣಿ ಒಣಗಿತ್ತು.

“ನೀವ ಕೂರಿಸಿಕೊಟ್ಟಿದ್ದಲ್ರೀ? ಮುಟ್ಟಬ್ಯಾಡ್ರಿ, ಬರೇ ನೋಡಿ ಹೇಳ್ರಿ.”

“ಇದು ಎಲ್ಲಿತ್ತು ಸರ್?”

“ಜಗಲಿ ಮ್ಯಾಲ. ನಿನ್ನೆ ಅಂಗಳ ಸಗಣಿ ಹಾಕಿ ಸಾರಿಸಿದ್ರು, ಹಸಿ ಇತ್ತು. ಇದೊಂದರ ಗುರುತು ಬಿಟ್ರ ಬ್ಯಾರೆ ಗುರುತಿಲ್ಲ.” ಮೊಬೈಲಲ್ಲಿ ಫೋಟೊ ತೋರಿಸಿದ್ರು.

ಸ್ಫೂರ್ತಿ ಫೋಟೊ ಹಿಗ್ಗಿಸಿದಳು. ಪ್ರತಿ ಹೆಜ್ಜೆಯ ಹಿಂದೂ ಎರಡು ಬೆರಳಗಲ ಎಳೆದ ಗುರುತು.

“ಸರ್, ಇದು ಚೇತನಾ ನಡೆದಿದ್ದಲ್ಲ! ಈ ಬೂಟಿಗೆ ಎರಡು ಲೇಸು. ಹೊರಗೊಂದು, ಒಳಗಿನ ಮೆತ್ತೆಗೊಂದು. ಒಳಗಿಂದು ಬಿಗಿಯದೇ ನಡೆದ್ರೆ ಹಿಮ್ಮಡಿ ಎದ್ದು ಬೂಟು ಎಳೀತದೆ. ಅವಳು ಅದನ್ನ ಮರೆಯಲ್ಲ. ನಾನೇ ನೂರು ಸಲ ಬೈದಿದ್ದೀನಿ.”

“ಗೆಳತಿ ಅಲ್ರೀ ನೀವು, ಹಂಗ ಹೇಳ್ತೀರಿ. ಬ್ಯಾರೆ ಯಾರರ ಹಾಕ್ಕೊಂಡಿದ್ರ, ಆ ತುಷಾರ ಏನು? ಅವಗ ಆಕೀ ಮ್ಯಾಲ ಸಿಟ್ಟೈತಿ ಅಂತ ಕೇಳೇನಿ.”

ತುಷಾರ ಅದೇ ಕ್ಯಾಂಪಿಗೆ ಹೋಗ್ಬೇಕಂತಿದ್ದ, ಸಿಕ್ಕಿರ್ಲಿಲ್ಲ. ‘ನೀ ಹ್ಯಾಂಗೆ ಹೋಗ್ತೆ ನೋಡ್ತೆ’ ಅಂತ ಎಲ್ಲರೆದುರು ಕೂಗಾಡಿದ್ದ. ಸ್ಫೂರ್ತಿಗೂ ಮೊದಲು ಅವನ ಮುಖವೇ ಕಣ್ಣಿಗೆ ಬಂದಿತ್ತು. ಆದ್ರೆ ಅವನ ಶೂ ಕೊಟ್ಟವಳೂ ಅವಳೇ.

“ಅವಂದು ಹತ್ತನೇ ನಂಬರ್ ಸರ್. ಇದು ಐದು. ಕಾಲಿನ ಹೆಬ್ಬೆಟ್ಟು ಕತ್ತರಿಸ್ಕೊಂಡ್ರೂ ಒಳಗೆ ಹೋಗಲ್ಲ.”

ಗಿರೀಶ ನಗಲಿಲ್ಲ. “ಹಂಗಾರ ಚೇತನಾನೇ ಉಳಿದ್ರು. ಸಂಜಿ ಒಳಗ ಕರ್ಕೊಂಡು ಹೋಗ್ಬೇಕಾಗ್ತೈತಿ.”

ಚೀಲದ ಬಾಯಿ ಬಿಚ್ಚಿ ತೋರಿಸಿದಾಗ ಸ್ಫೂರ್ತಿ ಬಗ್ಗಿ ಬೂಟಿನೊಳಗೆ ನೋಡಿದಳು. ಒಳಮೆತ್ತೆ ಪಕ್ಕಕ್ಕೆ ಉಬ್ಬಿತ್ತು. ಹಾಕಿದವರ ಪಾದ ಗಿಡ್ಡ, ಅಗಲ ಜಾಸ್ತಿ. ಅಂಚಲ್ಲಿ ಬಿಳಿ ಸುಣ್ಣದ ಪುಡಿ. ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೀತು. ಚೇತನಾ ಸೀಬೆಕಾಯಿ ಬಿಟ್ರೆ ಬೇರೆ ಚಟ ಇಲ್ಲದವಳು. ಅದನ್ನ ಹೇಳಿದ್ರೂ ಗಿರೀಶ ‘ನೋಡೋಣ್ರಿ’ ಅಂತ ಚೀಲ ಕಟ್ಕೊಂಡು ಹೋದ್ರು.

* * *

ಪೊಲೀಸರು ಬರೋ ಮೊದಲು ಚೇತನಾ ಜೊತೆಗಿರ್ಬೇಕು ಅಂತ ಸ್ಫೂರ್ತಿ ಸಂಜೆ ಐದಕ್ಕೆ ಹುಲೇಕಲ್‌ಗೆ ಹೊರಟಳು. ನವೀನನ ಓಮ್ನಿ ವ್ಯಾನು, ಅವಳು ಹಿಂದಿನ ಸೀಟಲ್ಲಿ. ಮಂಚಿಕೇರಿಯ ನವೀನ ವಾರ ವಾರ ಚೇತನಾನ ಯಲ್ಲಾಪುರದ ಹುಲ್ಲುಗುಡ್ಡಕ್ಕೆ ಪ್ರಾಕ್ಟೀಸಿಗೆ ಕರ್ಕೊಂಡು ಹೋಗ್ತಿದ್ದವ. ಮಾತಿನ ಮಲ್ಲ.

“ಪಾಪ ಚೇತನಕ್ಕ. ಆ ಬೂಟೇ ಸರಿ ಇಲ್ಲ ತಂಗಿ. ನಡೆದ್ರೆ ಹಿಮ್ಮಡಿ ಒಳಗೇ ಎದ್ದೇಳ್ತದೆ.”

ಹಿಮ್ಮಡಿ ವಿಷಯ ಚೇತನಾಗೆ, ಎಸ್‌ಐಗೆ ಬಿಟ್ರೆ ಯಾರಿಗೂ ಹೇಳಿರಲಿಲ್ಲ.

“ಚೇತನಾ ಹೇಳಿದ್ಲಾ?”

“ಹೂಂ... ಹೇಳಿರ್ಬೇಕು.”

ಅವಳು ಮುಂದಿನ ಸೀಟುಗಳ ಸಂದಿಯಿಂದ ಕೆಳಗೆ ಇಣುಕಿದಳು. ಬ್ರೇಕ್ ಮೇಲೆ ಗಿಡ್ಡ ಪಾದ. ಅಗಲ ಬೆರಳು. ಕಾಲ್ಗಂಟಲ್ಲಿ ಒಣಗಿದ ಸುಣ್ಣ. ಗೇರ್ ಪಕ್ಕ ಹೊಗೆಸೊಪ್ಪಿನ ಡಬ್ಬಿ. ಉಂಬಳ, ಅಂದ್ರೆ ರಕ್ತ ಹೀರೋ ಜಿಗಣೆ, ಹತ್ತಬಾರದು ಅಂತ ತೋಟದ ಹಳ್ಳ ದಾಟುವವರು ಕಾಲಿಗೆ ಸವರಿಕೊಳ್ಳೋದು ಇವೆರಡನ್ನೇ.

ಫೋನನ್ನ ಮಡಿಲಲ್ಲೇ ಮರೆ ಮಾಡಿ ಹಿಡಿದಳು. ಗಿರೀಶ ಅವರಿಗೆ ಲೊಕೇಶನ್ ಕಳಿಸಿದಳು. ಜೊತೆಗೆ ಒಂದೇ ಪದ. ‘ನವೀನ.’

ಓಮ್ನಿ ನಿಂತಿತು. ಎರಡೂ ಕಡೆ ಕಾಡು.

“ಫೋನು ಯಾರಿಗೆ ತಂಗಿ?”

“ಅಮ್ಮಂಗೆ. ಹುಲೇಕಲ್ ಬಸ್‌ಸ್ಟ್ಯಾಂಡಲ್ಲಿ ಕಾಯ್ತಾ ಇದ್ದಾಳೆ.”

“ಕೊಡು ಇತ್ಲಾಗೆ.”

ಕನ್ನಡಿಯಲ್ಲಿ ಅವನ ಕಣ್ಣಲ್ಲಿ ನಗು ಇರಲಿಲ್ಲ. ಕೈ ಹಿಂದಕ್ಕೆ ಚಾಚಿದ. ತಿರುವಿನಾಚೆ ಬಸ್ಸಿನ ಹಾರ್ನ್ ಕೇಳ್ತು. ಸ್ಫೂರ್ತಿ ಬಾಗಿಲು ಜಾರಿಸಿ ಧುಮುಕಿದಳು. ಮಂಡಿ ತರಚಿತು. ರಸ್ತೆ ಮಧ್ಯ ನಿಂತು ಎರಡೂ ಕೈ ಬೀಸಿದಳು. ಬಸ್ಸು ಕಿರ್ ಅಂತ ನಿಲ್ತು.

“ಸಾಯೂಕೆ ನಮ್ಮ ಬಸ್ಸೇ ಬೇಕಾ ನಿಂಗೆ?” ಕಂಡಕ್ಟರ್ ಬೈದ. ಅಷ್ಟು ಸಿಹಿ ಬೈಗಳು ಅವಳು ಯಾವತ್ತೂ ಕೇಳಿರಲಿಲ್ಲ.

* * *

ಹುಲೇಕಲ್ ದಾಟೋ ಮೊದಲೇ ಪೊಲೀಸರು ನವೀನನ ಹಿಡಿದ್ರು. ಸ್ಟೆಪ್ನಿ ಚಕ್ರದ ಅಡಿಯಲ್ಲಿ ಸೀತಮ್ಮನ ಸರ ಇತ್ತು.

ಸುದ್ದಿ ಕೇಳಿ ಚೇತನಾ ಸ್ಟೇಷನ್ನಿಗೆ ಓಡಿ ಬಂದ್ಲು. “ಎನ್ನ ಬೂಟೇ ಎಂತಕ್ಕೆ ಬೇಕಾಗಿತ್ತು ಅವಂಗೆ?”

“ಹಿಂದಿನ ಹಳ್ಳ ದಾಟಿ, ಹಿತ್ತಲಿಂದ ಜಗಲಿಗೆ ಬಂದ,” ಸ್ಫೂರ್ತಿ ಹೇಳಿದಳು. “ಅದಕ್ಕೇ ಕಾಲಿಗೆ ಸುಣ್ಣ, ಹೊಗೆಸೊಪ್ಪು. ಸೀತಮ್ಮ ಇದ್ದ ಅಂಗಳ ಹಸಿ. ಆ ಅಗಲ ಪಾದದ ಗುರುತು ಬಿದ್ರೆ ಊರಿಗೇ ಗೊತ್ತಾಗ್ತದೆ. ಜಗಲಿ ಮೇಲೆ ನಿನ್ನ ಬೂಟಿತ್ತು, ಅವಂದೂ ಗಿಡ್ಡ ಪಾದ. ಹಾಕ್ಕೊಂಡು ಅಂಗಳಕ್ಕಿಳಿದ, ವಾಪಸ್ ಬಂದು ಅಲ್ಲೇ ಬಿಟ್ಟು ಹೋದ. ಒಳಗೆ ಇನ್ನೊಂದು ಲೇಸು ಇದೆ ಅಂತ ಗೊತ್ತಿರ್ಲಿಲ್ಲ. ಹಿಮ್ಮಡಿ ಏಳೋದು ಹಾಕ್ಕೊಂಡು ನಡೆದವನಿಗೆ ಮಾತ್ರ ಗೊತ್ತಾಗೋದು.”

ಗಿರೀಶ ಫೋನ್ ಇಟ್ಟು ಬಂದ್ರು. “ಸೀತಮ್ಮ ಕಣ್ಣು ಬಿಟ್ಟಾರಂತ.”

ಚೇತನಾ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ್ಲು.

“ಬೂಟು ಮಾತ್ರ ಕೋರ್ಟಿಗೆ ಹೋಗ್ತೈತ್ರಿ. ಸಾಕ್ಷಿ ಅದು.”

“ಇರ್ಲಿ ಸರ್. ಕ್ಯಾಂಪಲ್ಲೇ ಬಾಡಿಗೆಗೆ ತಗತ್ತೆ,” ಅಂದ್ಲು ಚೇತನಾ.

ಅಷ್ಟರಲ್ಲಿ ನವೀನನ ಲಾಕಪ್ಪಿಗೆ ಕರ್ಕೊಂಡು ಹೋಗ್ತಿದ್ರು. ದಾಟುವಾಗ ಅವ ಸ್ಫೂರ್ತಿ ಎದುರು ನಿಂತ. ಮೆತ್ತಗೆ ಅಂದ, “ನಿನ್ನ ಅಂಗಡಿ ಗೊತ್ತುಂಟು ತಂಗಿ.”

ಸ್ಫೂರ್ತಿ ಚೇತನಾ ಪಕ್ಕಕ್ಕೆ ಸರಿದಳು.

“ನಾಳೆ ಹನ್ನೊಂದಕ್ಕ ಬರ್ರಿ,” ಗಿರೀಶ ಅಂದ್ರು. “ನೀವು ಹೇಳಿಕೆ ಕೊಡ್ಲಿಲ್ಲಂದ್ರ ಕೇಸು ನಿಲ್ಲಂಗಿಲ್ಲ.”

ಸ್ಫೂರ್ತಿ ಲಾಕಪ್ಪಿನ ಬಾಗಿಲ ಕಡೆ ನೋಡಿದಳು. ಚೇತನಾ ಅವಳ ತಣ್ಣಗಿನ ಕೈ ಹಿಡ್ಕೊಂಡ್ಲು.

“ಹತ್ತೂವರೆಗೆ ನಿನ್ನ ಅಂಗಡಿ ಬಾಗ್ಲಲ್ಲಿ ಇರ್ತೆ. ಒಟ್ಟಿಗೇ ಬಪ್ಪನ.”

“ಹತ್ತಕ್ಕೇ ಬಾರೇ,” ಅಂದಳು ಸ್ಫೂರ್ತಿ.