ಬಿಚ್ಚದೆ ಸುಡಬೇಕಾದ ಹಾಸಿಗೆ

“ಬಿಚ್ಚಬೇಡಿ. ಹೀಗೇ ಸುಡಿ. ಮಾತು ಕೊಡಿ.”

ಕರಿದಾರದಿಂದ ಬಿಗಿದು ಹೊಲಿದ ಹಳೇ ಹಾಸಿಗೆಯನ್ನು ಅಂಗಡಿಯ ಹೊಸ್ತಿಲಿಗೆ ಇಳಿಸಿ ಹೆಂಗಸು ಬಾಗಿಲಾಚೆಯೇ ನಿಂತಳು. ಗಂಡನಿಗೆ ಯಾರೋ ಮಾಟ ಮಾಡಿಸಿದ್ದರಂತೆ. ಮೊದಲು ಮಾತು ಹೋಯಿತು, ಆಮೇಲೆ ಅನ್ನ ಬಿಟ್ಟ, ಕೊನೆಗೆ ಜೀವವೂ ಹೋಯಿತು. ಮಾಟ ಹಾಸಿಗೆಯೊಳಗೇ ಇದೆ, ಅದನ್ನು ಹೊಲಿದ ಅಂಗಡಿಯಲ್ಲೇ ಸುಡಬೇಕು ಎಂದು ಮಂತ್ರವಾದಿ ಹೇಳಿದ್ದನಂತೆ.

“ಆಯ್ತು ತಾಯಿ, ಮಾತು ಕೊಟ್ಟೆ,” ಎಂದ ಯಜಮಾನ. ಆ ಅಂಗಡಿ ಕೊಂಡು ಅವನಿಗಿನ್ನೂ ಮೂರೇ ತಿಂಗಳು. ಮಾತು ಕೊಡುವುದೆಂದರೆ ಅವನಿಗೆ ನೀರು ಕುಡಿದಷ್ಟು ಸುಲಭ. ಅವಳು ಬೀದಿ ದಾಟಿದ್ದೇ ತಡ, ಕಿಸಕ್ಕನೆ ನಕ್ಕ. “ಹಾಸಿಗೇಲಿ ತಿಗಣೆ ಇರುತ್ತೆ ಅಂತ ಗೊತ್ತಿತ್ತು. ಮಾಟಾನೂ ಇರುತ್ತಾ ತಾತ?”

ಹತ್ತಿ ಹಿಂಜುವ ಮುದುಕ ನಗಲಿಲ್ಲ. “ಕೊನೇ ಹಿಡಿ ಹತ್ತಿ ಉರಿಯೋ ತನಕ ಅದು ಸಾಯಲ್ಲ ಯಜಮಾನ್ರೇ. ಒಂದು ಕಡೆ ಸುಟ್ರೆ ಉಳಿದ ಕಡೆ ಹೋಗಿ ಕೂರುತ್ತೆ. ಇವತ್ತೇ ಸುಟ್ಬಿಡಿ.”

ಸುಡಬಹುದಿತ್ತು. ಆದರೆ ಮನೆಪಾಠದ ಟೀಚರಿಗೆ ಮರುದಿನವೇ ಹೊಸ ಹಾಸಿಗೆ ಕೊಡುತ್ತೇನೆಂದು ಎದೆ ತಟ್ಟಿ ಹೇಳಿದ್ದ. ಹತ್ತಿಯ ಲಾರಿ ಬಂದಿರಲಿಲ್ಲ. ಒಂದು ಮಾತು ಉಳಿಸಲು ಇನ್ನೊಂದು ಮುರಿದರೆ ಪಾಪವೇನಿಲ್ಲ ಎಂದುಕೊಂಡ. ಮುದುಕ ಊಟಕ್ಕೆ ಹೋದಾಗ ಬಾಗಿಲು ಹಾಕಿ ಕರಿದಾರ ಕತ್ತರಿಸಿದ.

ವಾಸನೆ ಮುಖಕ್ಕೆ ಹೊಡೆಯಿತು. ಕಷಾಯ, ಹಳೇ ಬೆವರು, ಅದರಡಿಯಲ್ಲಿ ಸುಟ್ಟ ಕೂದಲು. ಹತ್ತಿಯ ನಡುವೆ ಒಂದು ಗಂಟು: ಕೂದಲು ಸುತ್ತಿ ಮೊಳೆ ಚುಚ್ಚಿದ, ಯಾವ ಪ್ರಾಣಿಯದೋ ಒಣಗಿದ ನಾಲಿಗೆ. ಅದನ್ನು ಮೋರಿಗೆಸೆದು ಕೈ ತೊಳೆದುಕೊಂಡ. ಹಿಂಜಿದ ಮೇಲೆ ಹತ್ತಿ ಹೊಸದರಂತೆಯೇ ಕಂಡಿತು. ಟೀಚರ ಹಾಸಿಗೆಗೆ ತುಂಬಿ, ಮಿಕ್ಕಿದ್ದರಲ್ಲಿ ನಾಲ್ಕು ವರ್ಷದ ಮಗಳಿಗೊಂದು ಪುಟ್ಟ ದಿಂಬು ಹೊಲಿದ.

ಮೂರನೆಯ ದಿನ ಮಗಳು ಎದ್ದು ಬಾಯಿ ತೆರೆದಳು. ದನಿ ಬರಲಿಲ್ಲ. ಅರಳು ಹುರಿದಂತೆ ಮಾತಾಡುತ್ತಿದ್ದ ಕೂಸು ಗಂಟಲು ಹಿಡಿದುಕೊಂಡು ಅಪ್ಪನನ್ನೇ ನೋಡಿತು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಏನೂ ಇಲ್ಲ ಎಂದರು. ಅವನಿಗೆ ಆ ದಿಂಬು ನೆನಪಾಯಿತು. ತಪ್ಪು ಮಾಡಿದವನು ತಾನು, ಬಾಯಿ ಕಟ್ಟಿದ್ದು ಮಗುವಿನದು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

“ಈ ದಿಂಬನ್ನ ಈಗ್ಲೇ ಸುಡು,” ಎಂದು ಹೆಂಡತಿಯ ಕೈಗೆ ತುರುಕಿ ಟೀಚರ ಮನೆಗೆ ಓಡಿದ.

ಅಲ್ಲಿ ಮಕ್ಕಳು ನೆಲದ ಮೇಲೆ ಸಾಲಾಗಿ ಕೂತು ಮಗ್ಗಿ ಹೇಳುತ್ತಿದ್ದರು. ಮುಂದೆ ಟೀಚರ ಕಂಚಿನ ಕಂಠ, ಹಿಂದೆ ಮಕ್ಕಳ ಚಿಲಿಪಿಲಿ. ಆ ಕಂಠವೇ ಆ ಮನೆಗೆ ಅನ್ನ ಹಾಕುತ್ತಿತ್ತು.

“ಬನ್ನಿ ಯಜಮಾನ್ರೇ! ಹೇಳಿದ ದಿನಕ್ಕೆ ಕೊಟ್ರಿ. ನಿಮ್ಮಂಥೋರು ಈಗೆಲ್ಲಿದ್ದಾರೆ?”

“ಹಾಸಿಗೆ... ವಾಪಸ್ ಬೇಕಿತ್ತು.”

“ಯಾಕೆ? ಏನಾಯ್ತು?”

ಹೇಳಿದರೆ ಅಂಗಡಿಯ ಹೆಸರು ಮಣ್ಣುಪಾಲು. ಹೇಳಲೇಬೇಕು. ಬಾಯಿ ತೆರೆದ. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

“ಅಪ್ಪಾ! ಅಮ್ಮ ನನ್ನ ದಿಂಬು ಸುಟ್ಟಾಕಿದ್ಲು!”

ಮಗಳು! ಕಣ್ಣಲ್ಲಿ ನೀರು ಉಕ್ಕಿತು. ಜೊತೆಗೇ ಮುದುಕನ ಮಾತೂ ನೆನಪಾಯಿತು: ಒಂದು ಕಡೆ ಸುಟ್ರೆ ಉಳಿದ ಕಡೆ. ನೆನಪಾಗಿರಲಿಲ್ಲವೆಂದು ಅವನು ಎಂದೂ ಹೇಳಲಾರ.

“ಅಳತೆ ಸರಿ ಇದ್ಯಾ ನೋಡೋಣ ಅಂತ ಬಂದೆ ಟೀಚರ್. ಇರ್ಲಿ ಬಿಡಿ,” ಎಂದು ಚಪ್ಪಲಿ ಮೆಟ್ಟಿದ.

ಗೇಟಿನವರೆಗೂ ಮಗ್ಗಿ ಹಿಂಬಾಲಿಸಿತು. ಹದಿಮೂರಾರಲ ಎಪ್ಪತ್ತೆಂಟು. ಹದಿಮೂರೇಳಲ... ದನಿ ನಿಂತಿತು. ಮಕ್ಕಳು ಕಾದರು. ಅವನೂ ನಿಂತ.

“ಟೀಚರ್?” ಒಂದು ಮಗು ಕೂಗಿತು. “ಟೀಚರ್!”

ತಿರುಗಿ ನೋಡಿದ. ಬಾಗಿಲಲ್ಲಿ ಟೀಚರ್. ಒಂದು ಕೈ ಗಂಟಲ ಮೇಲೆ. ಇನ್ನೊಂದರಲ್ಲಿ ಯಾವುದೋ ಮಗುವಿನ ಸ್ಲೇಟು. ಅಕ್ಷರಗಳು ಸೊಟ್ಟಗೆ ನಡುಗಿದ್ದವು: ‘ಏನೋ ಹೇಳೋಕೆ ಬಂದಿದ್ರಿ. ಏನದು?’

ಓಡಬೇಕೆನಿಸಿತು. ಮಕ್ಕಳೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು.

“ಆ ಹಾಸಿಗೇಲಿರೋದು ಮಾಟದಿಂದ ಸತ್ತವರ ಹತ್ತಿ,” ಎಂದ. “ತುಂಬೋವಾಗ್ಲೂ ಗೊತ್ತಿತ್ತು ಟೀಚರ್. ಈಗ ನಿಮ್ಮನೆ ಮೆಟ್ಟಿಲು ಇಳಿಯೋವಾಗ್ಲೂ ಗೊತ್ತಿತ್ತು.”