ಕೊಲೆ ಮಾಡಿದ್ದು ಯಾರು, ಅಜ್ಜಿ?

“ಅವಳೇ ಕಣೇ! ಆ ಹೆಂಡತೀನೇ ಕೊಂದಿದ್ದು!”

ವೇದವಲ್ಲಿ ಅಜ್ಜಿಯ ದನಿ ಕತ್ತಲೆಯ ಹಾಲ್ ತುಂಬ ಕೇಳಿಸಿತು. ಮುಂದಿನ ಸಾಲಿನ ಮೂರು ತಲೆಗಳು ಹಿಂದಕ್ಕೆ ತಿರುಗಿದವು.

“ಸುಮಿಮಾಸೆನ್, ಸುಮಿಮಾಸೆನ್,” ಎಂದು ಲಾಸ್ಯಾ ಆ ತಲೆಗಳಿಗೆ ಬಗ್ಗಿ ಬಗ್ಗಿ ಕ್ಷಮೆ ಕೇಳಿದಳು. ಆಮೇಲೆ ಅಜ್ಜಿಯ ಕಿವಿಯಲ್ಲಿ, “ಅಜ್ಜಿ, ಪ್ಲೀಸ್! ಇಲ್ಲಿ ಯಾರೂ ಮಾತಾಡಲ್ಲ,” ಎಂದಳು.

“ಮಾತಾಡದೆ ಸಿನಿಮಾ ನೋಡೋಕೆ ಇದೇನು ಪರೀಕ್ಷೆನಾ?”

ಜಪಾನಿನ ಕಾವಾಸಾಕಿ ಊರಿನ ಲೈಬ್ರರಿಯಲ್ಲಿ ಆ ಭಾನುವಾರ ಹಳೆಯ ಕಪ್ಪು-ಬಿಳುಪು ಪತ್ತೇದಾರಿ ಸಿನಿಮಾ. ಒಬ್ಬ ಬಟ್ಟೆ ವ್ಯಾಪಾರಿಯ ಕೊಲೆಯಾಗಿತ್ತು. ಅಜ್ಜ ತೀರಿಕೊಂಡ ಮೇಲೆ ಮೈಸೂರಿನಿಂದ ಬಂದ ಅಜ್ಜಿ, ಜಪಸರ ಹಿಡಿದು ಕಿಟಕಿಯ ಬಳಿ ಕೂತರೆ ಏಳುತ್ತಲೇ ಇರಲಿಲ್ಲ. “ಒಂದ್ಸಲ ಆಚೆ ಕರ್ಕೊಂಡು ಹೋಗೇ,” ಎಂದು ಅಮ್ಮ ಹೇಳಿದ್ದಕ್ಕೆ ಲಾಸ್ಯಾ ಕರೆತಂದಿದ್ದಳು. ಅವಳ ಮನಸ್ಸು ಮಾತ್ರ ಪುಡಿಂಗ್ ಮೇಲಿತ್ತು.

ಪಕ್ಕದಲ್ಲಿದ್ದ ಕ್ಲಾಸ್‌ಮೇಟ್ ಹಾರುತೋ ಜೊತೆ ಪಂದ್ಯ ಕಟ್ಟಿದ್ದಳು. ಕೊಲೆಗಾರ ಯಾರೆಂದು ಸರಿಯಾಗಿ ಹೇಳಿದವರಿಗೆ, ಶುಕ್ರವಾರದ ಶಾಲೆಯೂಟದಲ್ಲಿ ಇನ್ನೊಬ್ಬರ ಪುಡಿಂಗ್. ಹೇಳಲು ಒಂದೇ ಅವಕಾಶ.

“ಡಾಕ್ಟರ್,” ಎಂದು ಹಾರುತೋ ಪಿಸುಗುಟ್ಟಿದ.

ಲಾಸ್ಯಾ ಯೋಚಿಸಿದಳು. ಅಜ್ಜಿಗೆ ಬರುವ ಜಪಾನಿ ಮಾತು, ಥ್ಯಾಂಕ್ಸ್ ಎನ್ನುವ ‘ಅರಿಗಾತೋ’ ಒಂದೇ. ಅದನ್ನೂ ಅವರು ಲಿಫ್ಟಿಗೆ ಹೇಳುತ್ತಾರೆ. ಅಂಥವರನ್ನು ನಂಬಿ ಪುಡಿಂಗ್ ಕಳೆದುಕೊಳ್ಳುವುದೇ? ಅಲ್ಲದೆ ಆ ಹೆಂಡತಿ ಎಷ್ಟೊಂದು ಅಳುತ್ತಿದ್ದಾಳೆ!

“ಕಪ್ಪು ಕನ್ನಡಕದವನು,” ಎಂದಳು, ದೊಡ್ಡ ಪತ್ತೇದಾರಿಣಿಯ ಹಾಗೆ.

ಕಪ್ಪು ಕನ್ನಡಕದವನು ಪೊಲೀಸಿನವನೇ ಆಗಿದ್ದ. ಡಾಕ್ಟರ್ ಪಾಪ, ತಾನೇ ಎರಡನೆಯ ಹೆಣವಾದ. ಕೊನೆಗೆ ಸಿಕ್ಕಿಬಿದ್ದವಳು ಹೆಂಡತಿ.

ದೀಪ ಹತ್ತಿತು. ಅಜ್ಜಿ ಏನು ಕೂಗಿದ್ದರೆಂದು ಲಾಸ್ಯಾ ಜಪಾನಿಯಲ್ಲಿ ಹೇಳಿದಾಗ ಹಾರುತೋ ಕಣ್ಣರಳಿಸಿದ.

“ಹಾಗಾದ್ರೆ ಪುಡಿಂಗ್ ನಿಮ್ಮಜ್ಜಿಗೆ! ಆದ್ರೆ ಶಾಲೆಯೂಟ ಮನೆಗೆ ಒಯ್ಯೋ ಹಾಗಿಲ್ವಲ್ಲ. ಅದು ರೂಲ್,” ಎಂದು ನಿಟ್ಟುಸಿರಿಟ್ಟು ಹೊರಟುಹೋದ.

“ಅಜ್ಜಿ, ನಿಂಗೆ ಒಂದು ವರ್ಡ್ ಕೂಡ ಅರ್ಥ ಆಗ್ಲಿಲ್ಲ. ಹೇಗೆ ಗೊತ್ತಾಯ್ತು?”

“ಪೊಲೀಸರು ಬಂದು ಸುದ್ದಿ ಹೇಳೋ ಮುಂಚೆನೇ, ಗಂಡ ಊಟಕ್ಕೆ ಬರೋ ಹೊತ್ತಲ್ಲಿ, ಅವಳು ಒಂದೇ ಬಟ್ಟಲು ಇಟ್ಕೊಂಡು ಉಂಡಳು, ನೋಡ್ಲಿಲ್ವಾ? ಸುದ್ದಿ ಬಂದ ಮೇಲೂ ಕೈ ಎರಡು ಬಟ್ಟಲೇ ಇಡುತ್ತೆ; ಅವರಿಲ್ಲ ಅಂತ ಕೈಗೆ ಗೊತ್ತಾಗೋಕೆ ತಿಂಗಳುಗಟ್ಟಲೆ ಬೇಕು ಪುಟ್ಟಿ. ಅವಳ ಕೈಗೆ ಮೊದಲೇ ಗೊತ್ತಿತ್ತು.”

“ವಾವ್! ನೀನೇ ರಿಯಲ್ ಡಿಟೆಕ್ಟಿವ್!”

ಬಾಗಿಲ ಬಳಿಯ ಮೇಜಿನ ಮೇಲೆ ಎಲ್ಲರಿಗೂ ಹಸಿರು ಚಹಾ ಇಟ್ಟಿದ್ದರು. ಅಜ್ಜಿ ಎರಡು ಲೋಟ ಎತ್ತಿಕೊಂಡರು. ಒಂದನ್ನು ತಮಗೆ ಇಟ್ಟುಕೊಂಡು, ಇನ್ನೊಂದನ್ನು ನೋಡದೆಯೇ ಬಲಗಡೆಗೆ ಚಾಚಿದರು.

ಬಲಗಡೆ ಯಾರೂ ಇರಲಿಲ್ಲ. ಲಾಸ್ಯಾ ನಿಂತಿದ್ದದ್ದು ಎಡಗಡೆ.

“ನಂಗೆ ಗ್ರೀನ್ ಟೀ ಬೇಡ” ಎನ್ನಲು ಬಾಯಿ ತೆರೆದವಳಿಗೆ ಅಜ್ಜನ ನೆನಪಾಯಿತು. ಅಜ್ಜಿಯ ಕೈ ಗಾಳಿಯಲ್ಲಿ ಹಾಗೇ ಕಾಯುತ್ತಿತ್ತು.

ಲಾಸ್ಯಾ ಅಜ್ಜಿಯ ಬೆನ್ನ ಹಿಂದಿನಿಂದ ಸುತ್ತಿ ಬಲಗಡೆಗೆ ಬಂದಳು. ಲೋಟ ತೆಗೆದುಕೊಂಡು ಅಷ್ಟನ್ನೂ ಕುಡಿದಳು.

ಅಜ್ಜಿ ತಿರುಗಿ ನೋಡಿದರು. “ಅಯ್ಯೋ, ನಿಂಗೆ ಇದು ಇಷ್ಟನಾ?”

“ಹೂಂ ಅಜ್ಜಿ, ತುಂಬಾ,” ಎಂದಳು ಲಾಸ್ಯಾ. ಮುಖ ಕಿವುಚದಿರಲು ಬಹಳ ಕಷ್ಟಪಡಬೇಕಾಯಿತು.