ಒಟ್ಟಿಗೆ ಮಿನುಗಿದ ಎರಡು ತಟ್ಟೆಗಳು

ಸಹೃದಯ ವಾಚಕ ಮಹಾಶಯರೇ, ರಕ್ತದ ಕಲೆಯಿಲ್ಲದ, ಆದರೂ ಒಬ್ಬಳ ಅನ್ನಕ್ಕೇ ಸಂಚಕಾರ ತಂದ ಅಪರಾಧವೊಂದನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಬೆಳಿಗ್ಗೆ ಪ್ರಯೋಗಾಲಯದ ಪರದೆ ನೋಡಿದ ನಿರ್ದೇಶಕರು ಬೆಚ್ಚಿಬಿದ್ದರು. ಬೀಗ ಹಾಕಿದ ಕತ್ತಲೆ ಪೆಟ್ಟಿಗೆಯೊಳಗೆ, ಎರಡು ತಟ್ಟೆಗಳ ಇಲಿಯ ಜೀವಕೋಶಗಳು ಒಟ್ಟಿಗೆ ಮಿನುಗುತ್ತಿದ್ದವು!

ಪ್ರತಿ ಕೋಶದಲ್ಲೂ ಒಂದು ಗಡಿಯಾರವಿದೆ. ಒಂದು ಪ್ರೋಟೀನು ತಯಾರಾಗುತ್ತದೆ, ಶೇಖರವಾಗುತ್ತದೆ, ಕೋಶದ ಕೇಂದ್ರಕ್ಕೆ ನುಗ್ಗಿ ತನ್ನ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಅದು ಕರಗಿದ ಮೇಲೆ ಮತ್ತೆ ಮೊದಲಿನಿಂದ. ಒಂದು ಸುತ್ತು ಮುಗಿಯಲು ಸುಮಾರು ಒಂದು ದಿನ; ಸುತ್ತಿಗೊಮ್ಮೆ ಮಿನುಗುವಂತೆ ಈ ಕೋಶಗಳನ್ನು ಸಜ್ಜುಗೊಳಿಸಲಾಗಿತ್ತು. ಎರಡನೆಯ ತಟ್ಟೆಯ ಕೋಶಗಳಲ್ಲಿ ಅದು ತಡವಾಗಿ ಕರಗುವಂತೆ ಅಲ್ಲಿಯ ಸಂಶೋಧಕಿಯೊಬ್ಬಳು ಮಾರ್ಪಡಿಸಿದ್ದಳು. ಅವು ಹಿಂದೆ ಬೀಳಬೇಕಲ್ಲವೇ?

"ಇಷ್ಟು ದಿನ ಕಾಗೆ ಹಾರಿಸಿದ್ದಾಳೆ! ಸಂಜೆಗೆ ಇವಳು ಹೊರಗೆ!" ನಿರ್ದೇಶಕರು ಗುಡುಗಿದರು.

ತನಿಖೆಗೆ ಬಂದವರು ನನ್ನ ದೊಡ್ಡಮ್ಮ. ಇಂಥ ವಂಚನೆಗಳನ್ನು ಬಯಲಿಗೆಳೆಯುವುದು ಅವರ ಕಸುಬು. ಅವರ ಕೈಚೀಲ ಹೊರುವುದು ನನ್ನದು.

"ಪೆಟ್ಟಿಗೆ ತೆಗೆದಿದ್ದೆಯೇನಮ್ಮಾ?"

"ವಾರದಿಂದ ಬಾಗಿಲೇ ಮುಟ್ಟಿಲ್ಲ." ಎಂದಳು ಸಂಶೋಧಕಿ.

"ಬೀಗದ ಕೈ?"

"ನಂದೊಂದೇ. ಮನೇಲಿ ಮೊಳೆಗೆ ತೂಗುಹಾಕಿರ್ತೀನಿ."

ಪಕ್ಕದ ಕೋಣೆಯಲ್ಲಿ ಕ್ಯಾನ್ಸರ್ ಕೋಶ ಬೆಳೆಸುವ ಆಕೆಯ ಗಂಡ ಬಾಗಿಲಲ್ಲೇ ನಿಂತಿದ್ದ.

"ನೀವು?"

"ಛೆ! ಬೇರೆಯವರ ತಟ್ಟೆ ಮುಟ್ಟಿದ್ರೆ ನನ್ ಕೆಲಸ ಹೋಗುತ್ತೆ ಮೇಡಂ! ಇವಳಿಗೋ ಊಟ ಇಲ್ಲ, ನಿದ್ದೆ ಇಲ್ಲ. ತಟ್ಟೆ ನೀರು ಹಳದಿ ತಿರುಗಿದ್ರೂ ಬದಲಾಯಿಸಿರಲಿಲ್ಲ."

ದೊಡ್ಡಮ್ಮ ಪೆಟ್ಟಿಗೆ ತೆರೆಸಿದರು. ಎರಡು ತಟ್ಟೆಗಳಲ್ಲೂ ನೀರು ಕೆಂಪು—ಹೊಚ್ಚಹೊಸ ಕೆಂಪು!

"ಇದು ಕೋಶಗಳ ಊಟ. ಹೊಸದು ಕೆಂಪು, ಹಳಸಿದ್ದು ಹಳದಿ. ಹೊಸ ಊಟ ಬಿದ್ದೊಡನೆ ಎಲ್ಲ ಗಡಿಯಾರಗಳ ಮುಳ್ಳುಗಳೂ ಒಂದೇ ಗಳಿಗೆಗೆ ಬಂದು, ಅಲ್ಲಿಂದ ಮತ್ತೆ ಓಡತೊಡಗುತ್ತವೆ. ಇವಳು ಬಾಗಿಲು ತೆಗೆದಿಲ್ಲ, ನಿರ್ದೇಶಕರು ನೋಡಿದ್ದು ಮಿನುಗು ಮಾತ್ರ ತೋರುವ ಪರದೆ. ಹಳದಿಯನ್ನು ಕಂಡವರು ನೀವೊಬ್ಬರೇ. ಹೇಗೆ?"

ಗಂಡ ತಟ್ಟೆಗಳತ್ತ ಕೈ ತೋರಿಸಿದ.

"ಹಸಿದಿದ್ವು... ನಮ್ಮಲ್ಲಿ ಹಳದಿ ಕಂಡ್ರೆ ಕೈ ತಾನಾಗೇ ಹೋಗುತ್ತೆ. ಇವಳಿಗೊಂದು ಕೆಲಸ ಕಮ್ಮಿ ಆಗ್ಲಿ ಅಂತ ನಿನ್ನೆ ರಾತ್ರಿ ಮೊಳೆಯಿಂದ ಬೀಗದ ಕೈ ತಗೊಂಡ್ ಬಂದೆ..."

"ಉಪಕಾರ ಮಾಡೋಕ್ ಹೋಗಿ ನನ್ ಕುತ್ತಿಗೇಗೇ ತಂದ್ರಲ್ರೀ!"

"ಇದಕ್ಕೆ ರುಜುವಾತು?" ನಿರ್ದೇಶಕರು ಹುಬ್ಬು ಗಂಟಿಕ್ಕಿದರು.

"ಮುಟ್ಟದೆ ಕಾಯಿರಿ. ಇವಳ ಮಾರ್ಪಾಡು ನಿಜವಾದರೆ ದಿನ ಕಳೆದಂತೆ ಎರಡನೆಯದು ಹಿಂದೆ ಬೀಳುತ್ತದೆ."

ಕಾದೆವು. ಕೆಲವು ದಿನಗಳ ಬಳಿಕ, ಪರದೆಯಲ್ಲಿ ಮೊದಲ ತಟ್ಟೆ ಬೆಳಗಿತು. ಎರಡನೆಯದು—ಕತ್ತಲು. ಬಹಳ ಹೊತ್ತಿನ ನಂತರ, ಸೋಮಾರಿಯಂತೆ, ಅದೂ ಕಣ್ಣು ಬಿಟ್ಟಿತು. ನಿರ್ದೇಶಕರು ವಜಾ ಆದೇಶವನ್ನು ಹರಿದರು.

ಭೂತಗನ್ನಡಿಯನ್ನು ಚೀಲಕ್ಕೆ ತುರುಕಿ, ದೊಡ್ಡಮ್ಮನ ಕೊಡೆಯನ್ನು ಕಂಕುಳಲ್ಲಿಟ್ಟು ಹೊರಟೆ. ಮೆಟ್ಟಿಲಲ್ಲಿ ಆ ಗಂಡ ಬುತ್ತಿ ಹಿಡಿದು ಕೂತಿದ್ದ.

"ಮೇಡಂ, ಅವಳು ತಿಂತಾಳಾ?"

"ಈ ಸಲ ಕೇಳಿ ಉಣಿಸಪ್ಪಾ," ಎಂದರು ದೊಡ್ಡಮ್ಮ. ನಾವು ಬೀದಿಗಿಳಿದೆವು.